ಬಾಯಿ ಮುಚ್ಚದ ಇಂಜಿನ್ನು

"ಅಮ್ಮೀ, ಮೇಷ್ಟ್ರು ತಾತ ದಿನಾ ಸಂಜೆ ಯಾರಿಗೆ ಬಾಯಿ ಮುಚ್ಚು ಅಂತಾರೆ?"

ಮಹೇಕ್ ಹೀಗೆ ಕೇಳಿದಾಗ ರೆಹಾನಾ ಯಾರದೋ ಬ್ಲೌಸಿಗೆ ಹುಕ್ಕು ಹಚ್ಚುತ್ತ ಕೂತಿದ್ದಳು. ಸೂಜಿ ಅಲ್ಲೇ ನಿಂತಿತು. ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಚಿತ್ರದುರ್ಗದ ಆ ಇಳಿಜಾರು ಬೀದಿಯಲ್ಲಿ ಅವರ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತಿತ್ತು. ಕೆಲವು ದಿನಗಳಿಂದ ಸಂಜೆಯಾಗುತ್ತಲೇ ಗೋಡೆಯಾಚೆ ಗರಗರ ಎಂಬ ಸದ್ದು, ಅದರ ಬೆನ್ನಿಗೇ ಓಬಳೇಶಪ್ಪ ಮೇಷ್ಟ್ರ ದನಿ: "ಬಾಯಿ ಮುಚ್ಚು. ಮುಚ್ಚು ಅಂದ್ರೆ ಮುಚ್ಚಬೇಕು."

ಆ ಮನೆಯಲ್ಲಿ ಇದ್ದವರು ಮೇಷ್ಟ್ರು ಮತ್ತು ಅವರ ಹೆಂಡತಿ ಜಯಕ್ಕ. ಮಗಳು ಹೇಮಾವತಿ ಹೊಳಲ್ಕೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದವಳು ಭಾನುವಾರಕ್ಕೆ ಬಂದು ಹೋಗುತ್ತಿದ್ದಳು. ಜಯಕ್ಕನಿಗೆ ಬಾಯಿ ಮುಚ್ಚು ಎಂದು ಹೇಳಿದವರು ಆಮೇಲೆ ಆ ಮನೆಯಲ್ಲಿ ನೆಮ್ಮದಿಯಾಗಿ ಊಟ ಮಾಡಲಾರರು ಎಂಬುದು ಇಡೀ ಬೀದಿಗೆ ಗೊತ್ತಿದ್ದ ಸಂಗತಿ. ಹಾಗಾದರೆ ಬೈಗುಳ ಯಾರಿಗೆ?

ಮಹೇಕ್‌ಳ ಕುತೂಹಲವನ್ನೇ ನೆಪ ಮಾಡಿಕೊಂಡು, ಜಯಕ್ಕ ಚಟ್ನಿಪುಡಿ ಕೊಟ್ಟಿದ್ದ ಡಬ್ಬಿಯನ್ನು ತೊಳೆದು ಹಿಡಿದು, ರೆಹಾನಾ ಅವಳನ್ನೂ ಕರೆದುಕೊಂಡು ಪಕ್ಕದ ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ನಡುಮನೆಯ ನೆಲದ ಮೇಲೆ ಸಣ್ಣ ಹಳಿಗಳು ದುಂಡಗೆ ಹರಡಿದ್ದವು. ಮೇಷ್ಟ್ರು ಮಂಡಿಯೂರಿ, ಕಿವಿಯನ್ನು ನೆಲಕ್ಕೆ ಹತ್ತಿಸುವಷ್ಟು ಬಗ್ಗಿ ಕೂತಿದ್ದರು. ಅಂಗೈಗಿಂತ ಸ್ವಲ್ಪ ಉದ್ದದ ನೀಲಿ ಇಂಜಿನ್ನೊಂದು ಅವರ ಮೂಗಿನ ಮುಂದೆಯೇ ರಾಗಿ ಬೀಸುವ ಕಲ್ಲಿನ ಹಾಗೆ ಗರಗುಟ್ಟುತ್ತ ಹಾದುಹೋಯಿತು.

"ಬಾಯಿ ಮುಚ್ಚು," ಎಂದರು ಮೇಷ್ಟ್ರು, ಇಂಜಿನ್ನಿಗೆ.

ಮಹೇಕ್ ಕಿಸಕ್ಕನೆ ನಕ್ಕಳು. ಅಡುಗೆಮನೆಯಿಂದ ಜಯಕ್ಕನ ದನಿ ಬಂತು. "ನೋಡವ್ವ ರೆಹಾನಾ. ನಿವೃತ್ತಿ ಆದ್ಮೇಲೆ ಎಲ್ಲಾ ಗಂಡಸ್ರು ಕಾಶಿ ರಾಮೇಶ್ವರ ಸುತ್ತುತಾರೆ. ನಮ್ಮೋರು ಅಂಬೆಗಾಲಾಕ್ಕಂಡು ರೈಲಿನ ಹಿಂದೆ ಸುತ್ತುತಾರೆ."

ಮೇಷ್ಟ್ರು ಅದಕ್ಕೆ ಕಿವಿಗೊಡಲಿಲ್ಲ. "ಬಾರವ್ವ, ಕುಂತ್ಕ. ನೀನೇ ಹೇಳು. ಐಮಂಗಲದ ಸ್ಕೂಲ್ನಾಗೆ ಇದು ಹಿಂಗ್ ಅರಚ್ತಿತ್ತಾ?"

ರೆಹಾನಾ ಇಂಜಿನ್ನನ್ನು ಗುರುತು ಹಿಡಿದದ್ದು ಆಗ. ಇಲ್ಲ, ಹೀಗೆ ಅರಚುತ್ತಿರಲಿಲ್ಲ. ಒಲೆಯ ಮೇಲಿಟ್ಟ ಹಾಲು ಉಕ್ಕುವುದಕ್ಕೆ ಮುಂಚೆ ಒಂದು ಸದ್ದು ಮಾಡುತ್ತದಲ್ಲ, ಅಷ್ಟು ಮೆತ್ತಗೆ ಓಡುತ್ತಿತ್ತು.

ಓಬಳೇಶಪ್ಪ ತಾಳ್ಯದ ಕಡೆಯವರು. ಶೇಂಗಾ, ರಾಗಿ ಬೆಳೆಯುವ ಮನೆ. ಚಿಕ್ಕಂದಿನಲ್ಲಿ ಚಿಕ್ಕಜಾಜೂರಿನ ಸೋದರಮಾವನ ಮನೆಗೆ ಹೋದವರು, ಜಂಕ್ಷನ್ನಿನಲ್ಲಿ ಇಂಜಿನ್ನು ಬೋಗಿಯಿಂದ ಬಿಡಿಸಿಕೊಂಡು ಬೇರೆ ಹಳಿಗೆ ಹೋಗುವುದನ್ನು ನೋಡುತ್ತ ನಿಂತು, ಊಟದ ಹೊತ್ತಿಗೂ ಬಾರದೆ, ಮಾವನ ಕೈಲಿ ಏಟು ತಿಂದಿದ್ದರಂತೆ. ಮುಂದೆ ವಿಜ್ಞಾನದ ಮೇಷ್ಟ್ರಾದರು. ಹೊಸದುರ್ಗದಲ್ಲಿ ಕೆಲವು ವರ್ಷ ಇದ್ದು ಐಮಂಗಲದ ಹೈಸ್ಕೂಲಿಗೆ ಬಂದರು. ಶಾಲೆಯ ಮುಂದೆ ಹೆದ್ದಾರಿಯಲ್ಲಿ ಹಗಲೂ ರಾತ್ರಿ ಲಾರಿಗಳು ಹರಿಯುತ್ತಿದ್ದವು. ಆದರೆ ತರಗತಿಯ ಅರ್ಧ ಮಕ್ಕಳು ರೈಲು ಹತ್ತಿರಲಿಲ್ಲ. ವಿದ್ಯುತ್ತಿನ ಪಾಠವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಹುಡುಗರ ಕಣ್ಣು ಕಿಟಕಿಯ ಕಡೆಗೇ. ಹುಬ್ಬಳ್ಳಿಯಲ್ಲಿ ನಿವೃತ್ತ ರೈಲ್ವೆ ಗಾರ್ಡೊಬ್ಬರ ಮನೆಯವರು ಮನೆ ಖಾಲಿ ಮಾಡುವಾಗ ಆಟದ ರೈಲಿನ ದೊಡ್ಡ ಪೆಟ್ಟಿಗೆಯೊಂದನ್ನು ಮಾರುತ್ತಿದ್ದಾರೆಂದು ಯಾರೋ ಹೇಳಿದ್ದೇ ತಡ, ಮೇಷ್ಟ್ರು ಹೋಗಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. ಒಂದು ನೀಲಿ ಇಂಜಿನ್ನು, ಒಂದು ಕೆಂಪು, ಒಂದಷ್ಟು ಬೋಗಿ, ಹಳಿ, ಫ್ಯಾನಿನ ರೆಗ್ಯುಲೇಟರಿನಂಥದೇ ಒಂದು ತಿರುಗುಗುಂಡಿ.

ಬೆಂಚುಗಳನ್ನು ಜೋಡಿಸಿ ಹಳಿ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ರೈಲಿನ ವೇಗ ಲೆಕ್ಕ ಹಾಕಿಸುತ್ತಿದ್ದರು. ಒಂಬತ್ತನೇ ತರಗತಿಯ ರೆಹಾನಾಗೆ ಭೌತಶಾಸ್ತ್ರವೆಂದರೆ ನಡುಕ. ಅವಳ ಕೈಗೇ ಗುಂಡಿ ಕೊಟ್ಟು, "ನಿಧಾನಕ್ಕೆ ತಿರುಗ್ಸು. ರೈಲಿಗೂ ಗಾಬರಿ ಆಗ್ತದೆ," ಎಂದಿದ್ದರು. ಆ ವರ್ಷ ಅವಳು ವಿಜ್ಞಾನದಲ್ಲಿ ಪಾಸಾದಳು. ಮದುವೆಯಾಗಿ ಚಿತ್ರದುರ್ಗಕ್ಕೆ ಬಂದಾಗ ಗೋಡೆಯಾಚೆ ಅದೇ ಮೇಷ್ಟ್ರು ಸಿಕ್ಕಿದ್ದು ಅವಳಿಗೆ ತವರಿನವರೇ ಸಿಕ್ಕಷ್ಟು ಸಮಾಧಾನ ತಂದಿತ್ತು.

ಮೇಷ್ಟ್ರಿಗೆ ಚಿತ್ರದುರ್ಗದ ಶಾಲೆಗೆ ವರ್ಗವಾದಾಗ ಅಲ್ಲಿ ರೈಲು ಹಾಸುವಷ್ಟು ಜಾಗವಿರಲಿಲ್ಲ. ಪೆಟ್ಟಿಗೆ ಮನೆಯ ಅಟ್ಟ ಸೇರಿತು. ಈ ರಜೆಗೆ ತೆಗೆದರಾಯಿತು, ಆ ರಜೆಗೆ ತೆಗೆದರಾಯಿತು ಎನ್ನುತ್ತ ನಿವೃತ್ತಿಯೂ ಆಗಿ ಹೋಯಿತು. ಈಗ ತೆಗೆಯಲು ಕಾರಣ ಬಂದಿತ್ತು. ಬಡಾವಣೆಯ ಗ್ರಂಥಾಲಯದಲ್ಲಿ ಮಕ್ಕಳ ಕೋಣೆಯೊಂದನ್ನು ಹೊಸದಾಗಿ ಮಾಡುತ್ತಿದ್ದರು. ಗ್ರಂಥಪಾಲಕ ಶ್ರೀನಿವಾಸ್ ಬಳಿ ಮೇಷ್ಟ್ರು ರೈಲಿನ ವಿಷಯ ಎತ್ತಿದಾಗ ಅವನು ಕಣ್ಣರಳಿಸಿದ, ಆದರೆ ಒಂದು ಕರಾರು ಹಾಕಿದ.

"ನಂಗೂ ಆಸೆ ಐತೆ ಸಾರ್. ಆದ್ರೆ ಮುಂದಿನ ರೂಮ್ನಾಗೆ ಹುಡುಗ್ರು ಪರೀಕ್ಷೆಗೆ ಓದ್ತಾ ಕುಂತಿರ್ತಾರೆ. ಪೆನ್ ಬಿದ್ರೂ ತಿರುಗಿ ನೋಡೋ ಮಂದಿ. ಶನಿವಾರ ತಗಂಬರ್ರಿ, ಓಡಿಸಿ ನೋಡಾಣ. ಸದ್ದಾತು ಅಂದ್ರೆ ಬೇಜಾರ್ ಮಾಡ್ಕಬೇಡ್ರಿ, ಮಕ್ಕಳ ರೂಮಿನ ಟೇಬಲ್ ತೆಗೆಸಿ ಓದೋರಿಗೇ ಕುರ್ಚಿ ಹಾಕ್ಸಿಬಿಡ್ತೀನಿ."

ಇದನ್ನೆಲ್ಲ ಹೇಳಿ ಮೇಷ್ಟ್ರು ತಮ್ಮ ಬಲಗೈಯನ್ನು ಮುಂದೆ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. "ಹೋದ ವರ್ಷ ಹಿಂಗಿರ್ಲಿಲ್ಲ. ಮುಂದಿನ ವರ್ಷ ಇಷ್ಟೂ ಇರಲ್ಲ. ಈಗ ಓಡ್ಲಿಲ್ಲ ಅಂದ್ರೆ ಇದು ಇನ್ನು ಓಡಲ್ಲ. ಶನಿವಾರದೊಳಗೆ ಇದರ ಬಾಯಿ ಮುಚ್ಚಿಸ್ಬೇಕು, ಅಷ್ಟೇ."

ರೆಹಾನಾಗೆ ಕೈ ಕಟ್ಟಿ ನಿಲ್ಲಲಾಗಲಿಲ್ಲ. "ಮೇಷ್ಟ್ರೇ, ಇಷ್ಟು ವರ್ಷ ಸುಮ್ನೆ ಬಿದ್ದಿದ್ದಕ್ಕೆ ಒಣಗೈತೆ ಅಷ್ಟೇ. ನನ್ ಮಿಷಿನ್‌ನೂ ನಾನು ಬಾಣಂತನಕ್ಕೆ ಹೋಗಿ ಬಂದಾಗ ಹಿಂಗೇ ಕಿರುಚ್ತಿತ್ತು. ಎಣ್ಣೆ ಬಿಟ್ಟೆ, ಸರಿಹೋತು."

ಹೊಲಿಗೆ ಯಂತ್ರದ ಎಣ್ಣೆಯ ಬುಡ್ಡಿ ತಂದಳು. ತನ್ನ ಯಂತ್ರಕ್ಕೆ ಬಿಡುವಷ್ಟೇ ಧಾರಾಳವಾಗಿ ಇಂಜಿನ್ನಿನ ಹೊಟ್ಟೆಗೂ ಗಾಲಿಗಳಿಗೂ ಬಿಟ್ಟಳು. ಇಂಜಿನ್ನು ಎರಡು ಸುತ್ತು ಸೊಗಸಾಗಿ ಓಡಿತು. ಮೇಷ್ಟ್ರ ಮುಖ ಅರಳಿತು. ಮೂರನೇ ಸುತ್ತಿಗೆ ಗಾಲಿಗಳು ಜಾರತೊಡಗಿ, ಇಂಜಿನ್ನು ತಡವರಿಸಿ, ತಿರುವಿನಲ್ಲಿ ನಿಂತೇ ಹೋಯಿತು. ಹಳಿಯ ಉದ್ದಕ್ಕೂ ಎಣ್ಣೆ ಮಿರಮಿರ ಮಿನುಗುತ್ತಿತ್ತು.

ತಪ್ಪು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹೊಲಿಗೆ ಯಂತ್ರಕ್ಕೆ ಎಣ್ಣೆ ಹೆಚ್ಚಾದರೆ ಕೆಳಗೆ ತೊಟ್ಟಿಕ್ಕಿ ಹೋಗುತ್ತದೆ. ಇಲ್ಲಿ ತೊಟ್ಟಿಕ್ಕುವುದು ಹಳಿಯ ಮೇಲೆ, ಇಂಜಿನ್ನಿಗೆ ಕರೆಂಟು ಬರುವುದೂ ಅದೇ ಹಳಿಯಿಂದ ಗಾಲಿಯ ಮೂಲಕ. ನಡುವೆ ಎಣ್ಣೆಯ ಪರದೆ ಬಿದ್ದರೆ ಕರೆಂಟು ದಾಟುವುದೆಲ್ಲಿಂದ?

"ಒಂಬತ್ತನೇ ಕ್ಲಾಸ್ನಾಗೆ ನಾನೇ ಪಾಠ ಮಾಡಿದ್ದು ಇದು," ಎಂದರು ಮೇಷ್ಟ್ರು. "ನಾನೂ ಮರೆತೆ, ನೀನೂ ಮರೆತೆ."

"ನಾನು ಮರೆತಿದ್ದು ಸಹಜ ಬಿಡ್ರಿ ಮೇಷ್ಟ್ರೇ."

ಜಯಕ್ಕ ಹೊಸ್ತಿಲಲ್ಲಿ ನಿಂತು ನಗುತ್ತಿದ್ದಳು. ಮೇಷ್ಟ್ರು ಹಳೇ ಪಂಚೆಯೊಂದನ್ನು ಹರಿದು ಒಂದೊಂದೇ ಹಳಿಯನ್ನು ಒರೆಸತೊಡಗಿದರು. ಒರೆಸಿ ಮುಗಿಯುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಮತ್ತೆ ಓಡಿಸಿದರೆ ಸದ್ದು ಮೊದಲಿಗಿಂತ ಜೋರಾಗಿತ್ತು. ಮಹೇಕ್ ಕಿವಿ ಮುಚ್ಚಿಕೊಂಡಳು. ಮೇಷ್ಟ್ರು ಮಾತ್ರ ಎದ್ದು ನಿಂತು, ಸೊಂಟ ನೆಟ್ಟಗೆ ಮಾಡಿಕೊಂಡು, "ಆಯ್ತು. ನಾಳೆ ಬಿಚ್ಚಾಣ," ಎಂದರು.

ಬಿಚ್ಚಲು ಆಯುಧ ಬೇಕಲ್ಲ. ರೆಹಾನಾಳ ಮಾವ ಗೌಸ್ ಪೀರ್ ಸಂತೆ ಹೊಂಡದ ರಸ್ತೆಯಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟವರು. ಮರುದಿನ ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಇಂಜಿನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮೋಟಾರ್ ಹೋಗಿರ್ಬೇಕು ಮೇಷ್ಟ್ರೇ. ನಂಗೆ ಕೇಳಿದ್ರೆ ಬೇರೆ ಹಾಕ್ರಿ."

"ಬೇರೆ ಎಲ್ಲಿ ಸಿಗ್ತದೆ ಪೀರ್ ಸಾಬ್ರೆ?"

"ಅದು ನಂಗೆ ಕೇಳ್ಬೇಡ್ರಿ. ಗಡಿಯಾರ ಆಗಿದ್ರೆ ಎದೆ ತಟ್ಟಿ ಹೇಳ್ತಿದ್ದೆ." ಹಾಗೆಂದರೂ ಅತಿ ಸಣ್ಣ ತಿರುಪುಳಿ, ಚಿಮುಟ, ಮಸೂರ ಮೂರನ್ನೂ ಕಾಗದದಲ್ಲಿ ಸುತ್ತಿ ಸೊಸೆಯ ಕೈಗೆ ಕೊಟ್ಟು, "ಶನಿವಾರ ವಾಪಸ್ ಬೇಕಮ್ಮ," ಎಂದರು.

ಮೋಟಾರು ಹೋಗಿದೆ ಎಂಬ ಮಾತು ಮೇಷ್ಟ್ರನ್ನು ಕುಗ್ಗಿಸಿತು. ಹೊಸದು ತರಿಸುವಷ್ಟು ದಿನಗಳು ಉಳಿದಿರಲಿಲ್ಲ. ಅಂದು ಮಧ್ಯಾಹ್ನ ಅವರು ನಡುಮನೆಯಲ್ಲಿ ಇಂಜಿನ್ನನ್ನು ಎದುರಿಗಿಟ್ಟುಕೊಂಡು, ಮುಟ್ಟದೆ ಕೂತಿದ್ದಾಗ ರೆಹಾನಾ ಬಂದಳು. ಅಂಗಡಿಯಿಂದ ಬರುವ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದು ವಿಷಯ ತಿರುಗುತ್ತಿತ್ತು.

"ಮೇಷ್ಟ್ರೇ, ಮಿಷಿನ್‌ಗೆ ಮೋಟಾರ್ ಹಾಕ್ಸಿದಾಗ ಒಂದ್ಸಲ ಸದ್ದು ಬಂತು. ಮಿಸ್ತ್ರಿ ಏನ್ ಮಾಡ್ದ ಗೊತ್ತಾ? ಬೆಲ್ಟ್ ಬಿಚ್ಚಿ ಮೋಟಾರೊಂದನ್ನೇ ಓಡ್ಸಿದ. ಅದು ಸುಮ್ಮನೆ ಓಡ್ತು. ಆವಾಗ ಗೊತ್ತಾತು, ಸದ್ದು ಮೋಟಾರಿಂದಲ್ಲ, ಮಿಷಿನ್ನಿಂದು ಅಂತ. ಇದನ್ನೂ ಹಂಗೇ ಬೇರೆ ಬೇರೆ ಮಾಡಿ ಕೇಳಾಣ."

ಮೇಷ್ಟ್ರು ಅವಳ ಮುಖ ನೋಡಿದರು. "ಕೂಗಾಡೋ ಹುಡುಗ್ರನ್ನ ಬೇರೆ ಬೇರೆ ಬೆಂಚಿಗೆ ಕೂರ್ಸಿದಂಗೆ," ಎಂದರು. ಸೋತು ಕೂತಿದ್ದವರು ಎದ್ದು ಕಿಟಕಿಯ ಬೆಳಕಿಗೆ ಬಂದರು.

ತಿರುಪು ಬಿಚ್ಚುವ ಕೆಲಸ ರೆಹಾನಾಳದಾಯಿತು, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡುವ ಕೆಲಸ ಮೇಷ್ಟ್ರದು. ಮೇಲಿನ ಪ್ಲಾಸ್ಟಿಕ್ ಕವಚ ಬಂತು. ಮೋಟಾರಿನ ಎರಡು ಹಿಡಿಗಳನ್ನು ಸಡಿಲಿಸಿದ್ದೇ ಅದು ಕೈಗೆ ಬಂತು. ಎರಡು ತಂತಿಯಿಂದ ಅದಕ್ಕೆ ಕರೆಂಟು ಕೊಟ್ಟು, ಇಬ್ಬರೂ ಉಸಿರು ಹಿಡಿದರು. ಜುಯ್ ಎಂಬ ತೆಳ್ಳನೆಯ ಸದ್ದು. ಸೊಳ್ಳೆಯದೂ ಇದಕ್ಕಿಂತ ಜೋರಿರುತ್ತದೆ.

"ಪೀರ್ ಸಾಬ್ರಿಗೆ ಹೇಳು," ಎಂದರು ಮೇಷ್ಟ್ರು. "ಮೋಟಾರು ಗಟ್ಟಿ ಐತೆ. ಸುಮ್ ಸುಮ್ನೆ ಅದರ ಮೇಲೆ ಕೇಸು ಹಾಕಿದ್ವಿ."

ಹಾಗಾದರೆ ಉಳಿದದ್ದು ಗಾಲಿಗಳ ಮೇಲಿನ ಹಲ್ಲುಚಕ್ರಗಳು. ಇಂಜಿನ್ನನ್ನು ಮಗುಚಿ ಕೆಳಗಿನ ತಟ್ಟೆ ತೆಗೆದಾಗ ಒಳಗೆ ಹಲ್ಲು ಕಾಣಿಸಲೇ ಇಲ್ಲ. ಕಂದುಗೆಂಪಾದ ಒಂದು ಅಂಟು ಕೆಸರು ಸಂದುಸಂದಿಗೂ ಮೆತ್ತಿಕೊಂಡಿತ್ತು. ರೆಹಾನಾ ಸೂಜಿಯ ತುದಿಯಲ್ಲಿ ಸ್ವಲ್ಪ ತೆಗೆದು ಬೆರಳಲ್ಲಿ ಉಜ್ಜಿ ನೋಡಿದಳು. ಜಿಡ್ಡು, ಅದರೊಳಗೆ ನುಣ್ಣನೆಯ ಮರಳಿನಂಥ ಪುಡಿ.

"ಯಾವನೋ ಕತ್ತೆ ಇದರೊಳಗೆ ಮಣ್ಣು ತುಂಬ್ಯಾನೆ," ಮೇಷ್ಟ್ರಿಗೆ ಸಿಟ್ಟು ಏರಿತು. "ಕೈಗೆ ಸಿಕ್ಕಿದ್ರೆ ಕಿವಿ ಹಿಂಡಿ ಬೆಂಚ್ ಮೇಲೆ ನಿಲ್ಲುಸ್ತಿದ್ದೆ. ಇಂಥ ನಾಜೂಕು ಯಂತ್ರದೊಳಗೆ ಮಣ್ಣು ಹಾಕೋನು ಮನುಷ್ಯನಾ?"

ರೆಹಾನಾ ಬೆರಳನ್ನು ಮೂಗಿಗೆ ಹಿಡಿದಿದ್ದಳು. ದಿನಾ ಬೆಳಿಗ್ಗೆ ಮಹೇಕ್‌ಳ ತಲೆ ಬಾಚುವಾಗ ಬರುವ ವಾಸನೆಯೇ, ಆದರೆ ಕಮಟು ಹಿಡಿದದ್ದು. "ಇದು ಮಣ್ಣಲ್ಲ ಮೇಷ್ಟ್ರೇ. ಕೊಬ್ಬರಿ ಎಣ್ಣೆ. ಮತ್ತೆ ಈ ಬಣ್ಣ..."

ಮೇಷ್ಟ್ರು ಮಸೂರ ಇಟ್ಟು ಬಗ್ಗಿ ನೋಡಿದರು. ಕೆಂಪು, ಅದರ ನಡುವೆ ಬೂದುಬಿಳುಪು. ಅವರ ಹುಬ್ಬು ಗಂಟಿಕ್ಕಿತು. ಕುಂಕುಮವೆಂದು ಬಾಯಿ ತೆರೆಯುವುದರೊಳಗೆ ಜಯಕ್ಕ ಚಹಾದ ಲೋಟ ಹಿಡಿದು ಬಂದಳು. ಬಿಚ್ಚಿ ಹರವಿದ ಇಂಜಿನ್ನನ್ನು ನೋಡಿ, ಲೋಟಗಳನ್ನು ಕೆಳಗಿಟ್ಟು, ಅಲ್ಲೇ ಕೂತಳು.

"ಏನೇ ಅನ್ರಿ, ಇಷ್ಟು ವರ್ಷ ಆದ್ರೂ ಒಂದಿಷ್ಟು ತುಕ್ಕು ಹಿಡಿದಿಲ್ಲ ನೋಡ್ರಿ," ಎಂದಳು. "ನಿಮ್ ಕೈಲಿ ಬಿಟ್ಟಿದ್ರೆ ಯಾವಾಗ್ಲೋ ಗುಜರಿ ಸೇರ್ತಿತ್ತು. ನಾನಿದ್ದಿದ್ದಕ್ಕೆ ಆತು."

"ನೀನು ಏನ್ ಮಾಡ್ದೆ?"

"ಏನ್ ಮಾಡ್ದೆ ಅಂದ್ರೆ? ವರ್ಷಾ ವರ್ಷಾ ಆಯುಧ ಪೂಜೆಗೆ ನೀವು ಟ್ರ್ಯಾಕ್ಟರ್‌ಗೆ ಹಾರ ಹಾಕಾಕೆ ಅಂತ ತಾಳ್ಯಕ್ಕೆ ಓಡ್ತೀರಿ. ಇಲ್ಲಿ ಸ್ಕೂಟರ್‌ಗೆ, ಮಿಕ್ಸಿಗೆ, ಈಳಿಗೆ ಮಣೆಗೆ ಪೂಜೆ ಮಾಡೋಳು ಯಾರು? ಅಟ್ಟದ ಮೇಲಿರೋದೂ ಆಯುಧಾನೇ ಅಲ್ವಾ, ನೀವು ಅನ್ನ ತಿಂದ ಆಯುಧ. ಇಳಿಸ್ತಿದ್ದೆ, ಒರೆಸ್ತಿದ್ದೆ, ಗಾಲಿ ಗಾಲಿಗೂ ವಿಭೂತಿ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ಗಾಲಿ ಹಿಡ್ಕಂಬಾರ್ದು ಅಂತ ಒಳಗೂ ಕೊಬ್ಬರಿ ಎಣ್ಣೆ ಬಿಟ್ಟು ಇಡ್ತಿದ್ದೆ." ಜಯಕ್ಕ ದನಿ ತಗ್ಗಿಸಿ ರೆಹಾನಾಳ ಕಡೆ ತಿರುಗಿದಳು. "ಮೇಲೆ ಹಚ್ಚಿದ್ದನ್ನ ಮರುದಿನ ಒರೆಸಿಬಿಡ್ತಿದ್ದೆ ಕಣವ್ವ. ಇವರಿಗೆ ಗೊತ್ತಾದ್ರೆ, ಬಾಯಾಗೆ ಬೈತೀಯ, ಹಿಂದಿಂದ ಪೂಜೆ ಮಾಡ್ತೀಯ ಅಂತ ಆಡ್ಕಂತಾರಲ್ಲ."

ಮಾತು ಮುಗಿಸಿ ಆಕೆ ಗಂಡನ ಮುಖ ನೋಡಿದಳು. ಯಾವತ್ತೂ ಏನನ್ನೂ ಕೇಳದ ಜಯಕ್ಕನ ಮುಖದಲ್ಲಿ ಒಂದು ಶಹಬ್ಬಾಸ್‌ಗಾಗಿ ಕಾಯುವ ಭಾವ ಇತ್ತು.

ರೆಹಾನಾ ಚಹಾದ ಲೋಟದೊಳಕ್ಕೆ ನೋಡುತ್ತ ಕೂತಳು. ಕತ್ತೆ ಎಂದದ್ದು ಜಯಕ್ಕನ ಕಿವಿಗೆ ಬಿದ್ದಿರಬಾರದು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಮೇಷ್ಟ್ರು ಮಸೂರವನ್ನು ಕಣ್ಣಿಂದ ತೆಗೆದು, ಒರೆಸಿ, ಪಕ್ಕಕ್ಕಿಟ್ಟರು. ಅಷ್ಟು ಹೊತ್ತಿನಲ್ಲಿ ಅವರ ಸಿಟ್ಟು ಎಲ್ಲಿಗೆ ಹೋಯಿತೋ.

"ಹೌದು," ಎಂದರು. "ಅದಕ್ಕೇ ಉಳ್ಕಂಡೈತೆ. ಗಾಲಿ ಒಂಚೂರೂ ತುಕ್ಕು ಹಿಡಿದಿಲ್ಲ."

ಸುಳ್ಳೇನೂ ಅಲ್ಲ. ಗಾಲಿಗಳು ನಿಜಕ್ಕೂ ಹೊಳೆಯುತ್ತಿದ್ದವು.

"ಮತ್ತೆ ಸದ್ದು ಯಾಕೆ ಬರ್ತೈತಂತೆ?"

"ಹಳೇ ಗ್ರೀಸು ಗಟ್ಟಿ ಆಗೈತೆ, ಅಷ್ಟೇ. ತೊಳೆದ್ರೆ ಹೋಗ್ತದೆ."

ತೊಳೆಯುವುದನ್ನು ಆ ಮನೆಯಲ್ಲಿ ಮಾಡುವಂತಿರಲಿಲ್ಲ. ಕೆಂಪು ನೀರು ಕಂಡರೆ ಜಯಕ್ಕನಿಗೆ ಎಲ್ಲ ತಿಳಿದುಬಿಡುತ್ತಿತ್ತು. ಜಯಕ್ಕ ಒಳಗೆ ಹೋದದ್ದೇ ಮೇಷ್ಟ್ರು ಗಾಲಿ, ಚಕ್ರಗಳನ್ನೆಲ್ಲ ಸ್ಟೀಲ್ ಡಬ್ಬಿಯೊಂದಕ್ಕೆ ಹಾಕಿ ಮುಚ್ಚಳ ಮುಚ್ಚಿ, "ನಿಮ್ ಮನೇಲಿ ಬಿಸಿನೀರು ಐತಾ ರೆಹಾನಾ?" ಎಂದರು. ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ, ಮಹೇಕ್‌ಳ ಹಳೇ ಹಲ್ಲುಬ್ರಷ್ಷಿನಲ್ಲಿ, ರೆಹಾನಾಳ ಬಚ್ಚಲಲ್ಲಿ ಆ ಕೆಲಸ ನಡೆಯಿತು. ಕೆಂಪು ನೀರು ಹರಿದು ಹೋಗುತ್ತಲೇ ಇತ್ತು. ಸೀಮೆಎಣ್ಣೆ ಹಾಕಿದರೆ ಬೇಗ ಬಿಡುತ್ತದೆಂದು ರೆಹಾನಾ ಹೇಳಿದಾಗ, ಪ್ಲಾಸ್ಟಿಕ್ಕು ಅದಕ್ಕೆ ಒಗ್ಗುತ್ತದೋ ಇಲ್ಲವೋ ಎಂದು ಮೇಷ್ಟ್ರು ಒಪ್ಪಲಿಲ್ಲ. ನಿಧಾನವೇ ಸರಿ ಎಂದು ಒಂದೊಂದು ಹಲ್ಲನ್ನೂ ತಿಕ್ಕಿದರು. ಕೈ ನಡುಗಿದಾಗ ಬ್ರಷ್ ಕೆಳಗಿಟ್ಟು, ಮಡಿಲಲ್ಲಿ ಕೈ ಇಟ್ಟುಕೊಂಡು ಕಾದು, ಮತ್ತೆ ಎತ್ತಿಕೊಳ್ಳುತ್ತಿದ್ದರು.

ಕೆಂಪು ಇಂಜಿನ್ನನ್ನೂ ಬಿಚ್ಚಿದರು. ಅದರ ಕಥೆ ಮುಗಿದಿತ್ತು. ಒಳಗಿನ ಚಕ್ರವೊಂದು ಸೀಳಿ ಎರಡಾಗಿತ್ತು. ಮೇಷ್ಟ್ರು ಅದನ್ನು ಕಾಗದದಲ್ಲಿ ಸುತ್ತಿ ತೆಗೆದಿಟ್ಟು, "ಒಂದಾದ್ರೂ ಓಡ್ಲಿ," ಎಂದರು.

ಪ್ರಿಂಟರ್ ರಿಪೇರಿಯವನ ಬಳಿ ಪ್ಲಾಸ್ಟಿಕ್ಕಿಗೆ ಹಾಕುವ ಬಿಳಿ ಗ್ರೀಸು ಸಿಕ್ಕಿತು. ಈ ಸಲ ಯಾರೂ ಧಾರಾಳ ತೋರಿಸಲಿಲ್ಲ. ಸೂಜಿಯ ತುದಿಗೆ ಸಾಸಿವೆಯಷ್ಟು ತೆಗೆದುಕೊಂಡು, ಮೋಟಾರಿನ ತುದಿಯ ಹಿತ್ತಾಳೆ ತಿರುಪಿಗೆ ಒಂದು, ಚಕ್ರಗಳಿಗೆ ಅಲ್ಲಲ್ಲಿ ಒಂದು ಸವರಿದರು. ಶುಕ್ರವಾರ ಸಂಜೆ ಜೋಡಿಸಿ ಹಳಿಗೆ ಇಟ್ಟಾಗ ಗರಗರ ಮಾಯವಾಗಿತ್ತು. ಅದರ ಜಾಗದಲ್ಲಿ ಹೊಸದೊಂದು ಶುರುವಾಗಿತ್ತು: ಟಕ್, ಟಕ್, ಟಕ್.

"ಇದೊಂದು ಬಾಕಿ ಇತ್ತು," ಎಂದರು ಮೇಷ್ಟ್ರು. ಬೈಯಲಿಲ್ಲ. ಮತ್ತೆ ತಿರುಪುಳಿ ಎತ್ತಿಕೊಂಡರು.

ಈ ಬಾರಿ ರೆಹಾನಾ ಕಣ್ಣು ಮುಚ್ಚಿಕೊಂಡು ಗಾಲಿಗಳನ್ನು ಬೆರಳಿಂದ ಒಂದೊಂದಾಗಿ ಮೆಲ್ಲಗೆ ತಿರುಗಿಸಿದಳು. ಹೊಲಿಗೆಯ ಸಾಲಿನಲ್ಲಿ ಗಂಟು ಹುಡುಕುವ ಬೆರಳು. ಹಿಂದಿನ ಜೋಡಿ ಗಾಲಿ ಪ್ರತಿ ಸುತ್ತಿಗೂ ಒಂದೇ ಕಡೆ ಎಡವುತ್ತಿತ್ತು. ಅಲ್ಲಿ ಮಸೂರ ಹಿಡಿದರೆ, ಎರಡು ಹಲ್ಲುಗಳ ಬುಡದಲ್ಲಿ, ತಿಕ್ಕಿದರೂ ಬಿಡದೆ ಹುದುಗಿದ್ದ ಹಳದಿ ನುಚ್ಚೊಂದು ಕಂಡಿತು. ಅರಿಶಿನ ಹಚ್ಚಿದ ಅಕ್ಕಿಯ ಚೂರು. ಅವಳು ಅದನ್ನು ಸೂಜಿಯಿಂದ ಎಬ್ಬಿಸಿ ಮೇಷ್ಟ್ರ ಅಂಗೈಯಲ್ಲಿಟ್ಟಳು. ಅವರು ಅದನ್ನು ಎಸೆಯಲಿಲ್ಲ. ಅಂಗಳದ ತುಳಸಿ ಕುಂಡದ ಮಣ್ಣಿಗೆ ಹಾಕಿ ಬಂದರು.

ಇಂಜಿನ್ನು ಈಗ ಓಡಿತು. ಹಾಲು ಉಕ್ಕುವ ಮುಂಚಿನ ಸದ್ದು. ಮೇಷ್ಟ್ರು ಅದನ್ನು ಊಟದ ಹೊತ್ತಿನವರೆಗೂ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಓಡಿಸುತ್ತಲೇ ಇದ್ದರು, ಹೊಸ ಚಪ್ಪಲಿಯನ್ನು ಕಾಲಿಗೆ ಹದಗೊಳಿಸುವವರ ಹಾಗೆ.

ಶನಿವಾರ ಎಲ್ಲರೂ ಆಟೋದಲ್ಲಿ ಹೊರಟರು. ಮೇಷ್ಟ್ರ ತೊಡೆಯ ಮೇಲೆ ಪೆಟ್ಟಿಗೆ, ರೆಹಾನಾಳ ತೊಡೆಯ ಮೇಲೆ ಮಹೇಕ್, ಜಯಕ್ಕನ ತೊಡೆಯ ಮೇಲೆ ಹಳೇ ಕಂಬಳಿ. ಪೆಟ್ಟಿಗೆಗೆ ಧೂಳು ಬೀಳಬಾರದೆಂದು ಹೊದಿಸಲು ತಂದದ್ದು.

ಮಕ್ಕಳ ಕೋಣೆಯ ನಡುವೆ ಅಗಲವಾದ ಟೇಬಲ್ಲು. ಹಳಿ ಜೋಡಿಸಿ, ಮುಂದಿನ ಕೋಣೆಯ ಬಾಗಿಲು ಮುಚ್ಚಿರುವಾಗಲೇ ಒಂದು ಸುತ್ತು ಓಡಿಸಿದರು. ಮೇಷ್ಟ್ರ ಮುಖದ ಬಣ್ಣವೇ ಇಳಿಯಿತು. ಮನೆಯ ನೆಲದ ಮೇಲೆ ಪಿಸುಗುಟ್ಟುತ್ತಿದ್ದ ಇಂಜಿನ್ನು ಇಲ್ಲಿ ತಮಟೆ ಬಾರಿಸುತ್ತಿತ್ತು. ಅವರು ಇಂಜಿನ್ನಿಗೆ ಕಿವಿಯಿಟ್ಟರು, ಅದರದೇನೂ ತಪ್ಪಿಲ್ಲ. ಟೇಬಲ್ಲಿಗೆ ಕಿವಿಯಿಟ್ಟರು. ತೆಳು ಹಲಗೆ, ಒಳಗೆ ಟೊಳ್ಳು.

"ಇನ್ನೈದು ನಿಮಿಷಕ್ಕೆ ಬರ್ತೀನಿ ಸಾರ್," ಹೊರಗಿನಿಂದ ಶ್ರೀನಿವಾಸ್‌ನ ದನಿ.

ಮೇಷ್ಟ್ರು ಟೇಬಲ್ಲನ್ನೇ ನೋಡುತ್ತ ನಿಂತರು. ಆಗ ಜಯಕ್ಕ, "ಹಲಗೆ ಮೇಲೆ ರೊಟ್ಟಿ ತಟ್ಟಿದಂಗೆ ಕೇಳ್ತೈತೆ. ಕೆಳಗೆ ಏನಾರ ಹಾಸ್ರಿ. ಇಗೋ," ಎಂದು ಕಂಬಳಿ ಚಾಚಿದಳು.

ಹಳಿಗಳನ್ನು ಎತ್ತಿ, ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಮೂವರೂ ಸೇರಿ ಮತ್ತೆ ಜೋಡಿಸುವಷ್ಟರಲ್ಲಿ ಬಾಗಿಲು ತೆರೆಯಿತು. ಓದುವ ಕೋಣೆಯಲ್ಲಿ ಮೂವತ್ತು ತಲೆಗಳು ಪುಸ್ತಕದ ಮೇಲೆ ಬಗ್ಗಿದ್ದವು. ಶ್ರೀನಿವಾಸ್ ಅವರ ನಡುವೆಯೇ ಒಂದು ಕುರ್ಚಿ ಎಳೆದುಕೊಂಡು ಕೂತ. "ಅವರಿಗೆ ಏನೂ ಹೇಳಿಲ್ಲ ಸಾರ್. ಓಡಿಸ್ರಿ. ಯಾರಾದ್ರೂ ತಲೆ ಎತ್ತಿದ್ರೆ ಗೊತ್ತಾಗ್ತದೆ."

ಮೇಷ್ಟ್ರು ಗುಂಡಿಯ ಮೇಲೆ ಕೈ ಇಟ್ಟರು. ಬೆರಳು ನಡುಗಿತು. ಅವರು ಕೈ ತೆಗೆದು ರೆಹಾನಾಳನ್ನು ಮುಂದೆ ಕರೆದರು. ಅವಳು ಕೂದಲೆಳೆಯಷ್ಟೇ ತಿರುಗಿಸಿದಳು. ನೀಲಿ ಇಂಜಿನ್ನು ಬೋಗಿಗಳನ್ನು ಎಳೆದುಕೊಂಡು ಹೊರಟಿತು. ಮಹೇಕ್ ಎರಡೂ ಕೈಯಿಂದ ತನ್ನ ಬಾಯಿಯನ್ನೇ ಮುಚ್ಚಿಕೊಂಡಿದ್ದಳು. ಒಂದು ಸುತ್ತು. ಮತ್ತೊಂದು. ಒಳಗೆ ಪುಟ ತಿರುವುವ ಸದ್ದು ಕೇಳುತ್ತಿತ್ತು. ಕಿಟಕಿಯ ಪಕ್ಕದ ಒಬ್ಬ ಹುಡುಗಿ ತಲೆ ಎತ್ತಿದಳು. ಆಕೆ ಮೇಲೆ ಕಿರುಗುಟ್ಟುತ್ತಿದ್ದ ಫ್ಯಾನನ್ನು ಒಮ್ಮೆ ದುರುಗುಟ್ಟಿ ನೋಡಿ, ಮತ್ತೆ ಪುಸ್ತಕಕ್ಕೆ ಬಗ್ಗಿದಳು.

ಶ್ರೀನಿವಾಸ್ ಎದ್ದು ಬಂದ. "ರೈಲು ಇಲ್ಲೇ ಇರ್ಲಿ ಸಾರ್. ಫ್ಯಾನ್ ರಿಪೇರಿ ಮಾಡ್ತೀರಾ?"

ಮೇಷ್ಟ್ರು ನಗಲು ಹೋಗಿ, ನಗು ಬಾರದೆ, ಟೇಬಲ್ಲಿನ ಅಂಚು ಹಿಡಿದುಕೊಂಡರು. ಜಯಕ್ಕ ಮುಂದೆ ಬಂದು ಇಂಜಿನ್ನನ್ನು ಮಗುವಿನ ತಲೆ ಸವರುವಂತೆ ಸವರಿದಳು. "ನೋಡಪ್ಪ ಶ್ರೀನಿವಾಸಾ, ಇದಕ್ಕೆ ಒಂದು ವರ್ಷಾನೂ ಪೂಜೆ ತಪ್ಪಿಸಿಲ್ಲ ನಾನು. ಈ ಸಲ ಆಯುಧ ಪೂಜೆಗೆ ಇಲ್ಲಿಗೇ ಬರ್ತೀನಿ. ಎಣ್ಣೆ, ಕುಂಕುಮ ಎಲ್ಲಾ ನಾನೇ ತರ್ತೀನಿ."

"ಬರ್ರಿ ಅಕ್ಕ, ಅದಕ್ಕೇನಂತೆ," ಎಂದ ಶ್ರೀನಿವಾಸ್.

ಮೇಷ್ಟ್ರೂ ರೆಹಾನಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹಿಂದಿರುಗುವಾಗ ಮೇಷ್ಟ್ರು ನಡೆದೇ ಹೋಗೋಣವೆಂದರು. ಇಳಿಜಾರಿನಲ್ಲಿ ಜಯಕ್ಕ ಮಹೇಕ್‌ಳ ಕೈ ಹಿಡಿದು, ಅವಳಿಗೆ ಏನೋ ಕಥೆ ಹೇಳುತ್ತ ಮುಂದೆ ನಡೆದಳು. ಮೇಷ್ಟ್ರು ಬೇಕೆಂದೇ ಹಿಂದೆ ಉಳಿದರು. ಮುಂದಿನವರ ಕಿವಿಗೆ ಬೀಳದಷ್ಟು ದೂರವಾದ ಮೇಲೆ ರೆಹಾನಾಳ ಪಕ್ಕಕ್ಕೆ ಬಂದರು.

"ಒಂದು ಉಪಕಾರ ಆಗ್ಬೇಕು ಕಣವ್ವ. ಆಯುಧ ಪೂಜೆ ದಿನ ನಾನು ತಾಳ್ಯಕ್ಕೆ ಹೋಗ್ಲೇಬೇಕು, ಅಣ್ಣಂದಿರು ಬಿಡಲ್ಲ. ಇವಳು ಲೈಬ್ರರಿಗೆ ಹೋಗೇ ಹೋಗ್ತಾಳೆ. ನೀನೂ ಜೊತೆಗೆ ಹೋಗು. ಹೂವು ಎಷ್ಟಾದ್ರೂ ಇಡ್ಲಿ. ಕುಂಕುಮ ವಿಭೂತಿ ಬೋಗಿಗೆ ಹಚ್ಚಿಸು, ಇಂಜಿನ್ ಮಾತ್ರ ನಿನ್ ಕೈಲಿ ಹಿಡ್ಕಂಡಿರು. ಎಣ್ಣೆ ಬಿಡೋ ಹೊತ್ತಿಗೆ, ಕೊಡ್ರಿ ಜಯಕ್ಕ, ನಾನ್ ಬಿಡ್ತೀನಿ ಅಂತ ಬಾಟ್ಲಿ ಇಸ್ಕ. ಯಾಕೆ ಅಂತ ಮಾತ್ರ ಯಾವತ್ತೂ ಅವಳಿಗೆ ಹೇಳ್ಬೇಡ ತಾಯಿ."